ಹೃದಯಾಘಾತದ ನಂತರ ನರಗಳ ಪರಾವರ್ತಿತ ಕ್ರಿಯೆ ಮತ್ತು ಹೃದಯಕ್ಕಿರುವ ಅಪಾಯ: ಹಲಗೂರು ಹೋಬಳಿಯ ಸಾರ್ವಜನಿಕರಿಗಾಗಿ ಮಾಹಿತಿ

1. ಪೀಠಿಕೆ

ಹೃದಯಾಘಾತಕ್ಕೆ ಒಳಗಾದ ವ್ಯಕ್ತಿಯು ಚಿಕಿತ್ಸೆ ಪಡೆದು ಮನೆಗೆ ಮರಳಿದ ಕೂಡಲೇ ಅಪಾಯವು ಸಂಪೂರ್ಣವಾಗಿ ಕಳೆಯಿತೆಂದು ಕುಟುಂಬದವರು ಭಾವಿಸುವುದು ಸಹಜ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಮೊದಲ ಕೆಲವು ವಾರಗಳು ಅತ್ಯಂತ ಎಚ್ಚರಿಕೆಯಿಂದ ಇರಬೇಕಾದ ಅವಧಿಯಾಗಿರುತ್ತವೆ. ಈ ಅವಧಿಯಲ್ಲಿ ಉಂಟಾಗುವ ಅಪಾಯವು ಹೃದಯದ ಸ್ನಾಯು ಮತ್ತು ರಕ್ತನಾಳಗಳನ್ನು ಮಾತ್ರ ಅವಲಂಬಿಸಿರುವುದಿಲ್ಲ. ಹೃದಯವನ್ನು ನಿಯಂತ್ರಿಸುವ ನರಗಳು ಎಷ್ಟರಮಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿವೆ ಎಂಬುದನ್ನೂ ಅವಲಂಬಿಸಿರುತ್ತದೆ.

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯು ಕಬ್ಬು, ರಾಗಿ, ಭತ್ತ ಹಾಗೂ ರೇಷ್ಮೆ ಕೃಷಿಯನ್ನು ಅವಲಂಬಿಸಿರುವ ಪ್ರದೇಶವಾಗಿದೆ. ಹಲಗೂರು ಪಟ್ಟಣವು ಬೆಂಗಳೂರು–ಕನಕಪುರ–ಮಳವಳ್ಳಿ ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದು, ಇಲ್ಲಿಂದ ಮುತ್ತತ್ತಿಯ ಕಡೆಗೆ ಸಾಗಿದಂತೆ ಕಾವೇರಿ ವನ್ಯಧಾಮದ ಕಾಡಂಚಿನ ಗ್ರಾಮಗಳು ಆರಂಭವಾಗುತ್ತವೆ. ಇಂತಹ ಗ್ರಾಮಗಳ ನಿವಾಸಿಗಳಿಗೆ ಹೃದ್ರೋಗ ತಜ್ಞರು ದೊರೆಯುವುದು ದೂರದ ನಗರಗಳಲ್ಲಿ ಮಾತ್ರ. ಆದ್ದರಿಂದ ಮನೆಯಲ್ಲಿ ಏನನ್ನು ಗಮನಿಸಬೇಕು, ಯಾವುದನ್ನು ನಿರ್ಲಕ್ಷಿಸಬಾರದು ಎಂಬ ತಿಳುವಳಿಕೆಯು ಇಲ್ಲಿನ ಜನರಿಗೆ ಹೆಚ್ಚು ಅವಶ್ಯಕವಾಗಿದೆ. ಸದರಿ ವಿಷಯವನ್ನು ಸಾರ್ವಜನಿಕರಿಗೆ ತಿಳಿಯುವ ರೀತಿಯಲ್ಲಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಹೃದಯಾಘಾತ ಎಂದರೇನು?

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ನಾಳಗಳನ್ನು ಕರೋನರಿ ರಕ್ತನಾಳಗಳೆಂದು ಕರೆಯುತ್ತಾರೆ. ಈ ನಾಳಗಳ ಒಳಗೋಡೆಯಲ್ಲಿ ಹಲವು ವರ್ಷಗಳಿಂದ ಶೇಖರವಾದ ಕೊಬ್ಬಿನ ಪದರವು ಒಡೆದಾಗ, ಆ ಸ್ಥಳದಲ್ಲಿ ರಕ್ತ ಹೆಪ್ಪುಗಟ್ಟಿ ನಾಳವು ಮುಚ್ಚಿಹೋಗುತ್ತದೆ. ಅದರ ಮುಂದಿನ ಸ್ನಾಯುವಿಗೆ ಆಮ್ಲಜನಕ ದೊರೆಯದೆ ಆ ಭಾಗವು ಕ್ರಮೇಣ ಸಾಯತೊಡಗುತ್ತದೆ. ಇದೇ ಹೃದಯಾಘಾತ. ನಾಳವು ಬೇಗ ತೆರೆದಷ್ಟೂ ಉಳಿಯುವ ಸ್ನಾಯುವಿನ ಪ್ರಮಾಣ ಹೆಚ್ಚು.

ಸತ್ತ ಸ್ನಾಯುವಿನ ಜಾಗದಲ್ಲಿ ಕೆಲವು ವಾರಗಳಲ್ಲಿ ಗಾಯದ ಕಲೆಯಂತಹ ಗಟ್ಟಿ ಅಂಗಾಂಶವು ಬೆಳೆಯುತ್ತದೆ. ಇದು ಸಂಕುಚಿಸುವುದೂ ಇಲ್ಲ, ವಿದ್ಯುತ್ ಸಂಕೇತವನ್ನು ಸರಿಯಾಗಿ ಸಾಗಿಸುವುದೂ ಇಲ್ಲ. ಈ ಕಲೆಯ ಅಂಚಿನಲ್ಲಿ ವಿದ್ಯುತ್ ಸಂಕೇತವು ಸುತ್ತುಹಾಕಿ ಹಿಂತಿರುಗಿದಾಗ ಹೃದಯ ಬಡಿತದ ಲಯ ತಪ್ಪುವ ಸಂಭವವಿದೆ. ಲಯವು ತೀವ್ರವಾಗಿ ತಪ್ಪಿ ಹೃತ್ಕುಕ್ಷಿಗಳು ಬಡಿಯುವ ಬದಲು ಕೇವಲ ಕಂಪಿಸತೊಡಗಿದರೆ ರಕ್ತ ಚಲನೆ ನಿಂತು, ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ. ಇದನ್ನು ಹಠಾತ್ ಹೃದಯ ಸ್ತಂಭನ ಎನ್ನುತ್ತಾರೆ. ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ ಎಂಬುದನ್ನು ಗಮನಿಸತಕ್ಕದ್ದು. ಮೊದಲನೆಯದು ರಕ್ತನಾಳದ ತೊಂದರೆ. ಎರಡನೆಯದು ಬಡಿತವೇ ನಿಲ್ಲುವ ಸ್ಥಿತಿ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು.

3. ಹೃದಯವನ್ನು ನಿಯಂತ್ರಿಸುವ ನರಗಳು

ಮನುಷ್ಯನ ಇಚ್ಛೆಯ ಹಂಗಿಲ್ಲದೆ ಕೆಲಸ ಮಾಡುವ ನರಗಳ ಸಮೂಹಕ್ಕೆ ಸ್ವಾಯತ್ತ ನರವ್ಯೂಹ ಎಂದು ಹೆಸರು. ಇದರಲ್ಲಿ ಎರಡು ವಿಭಾಗಗಳಿವೆ.

ಅ) ಅನುವೇದನಾ ನರಗಳು: ಇವು ಹೃದಯದ ಬಡಿತವನ್ನು ಹೆಚ್ಚಿಸುತ್ತವೆ ಹಾಗೂ ಬಡಿತದ ಬಲವನ್ನು ಏರಿಸುತ್ತವೆ. ಭಯ, ಕೋಪ, ಶ್ರಮ, ನೋವು ಹಾಗೂ ಚಳಿಯ ಸಂದರ್ಭಗಳಲ್ಲಿ ಇವು ಚುರುಕಾಗುತ್ತವೆ.

ಆ) ಪರಾನುವೇದನಾ ನರಗಳು: ಹೃದಯದ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದುದು ವೇಗಸ್ ನರ. ಇದು ಬಡಿತವನ್ನು ನಿಧಾನಗೊಳಿಸುತ್ತದೆ. ವಿಶ್ರಾಂತಿ ಮತ್ತು ನಿದ್ರೆಯ ಸಮಯದಲ್ಲಿ ಇದರ ಪ್ರಭಾವ ಹೆಚ್ಚು. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿಯು ಕಪ್ಪೆಯ ಹೃದಯದ ಮೇಲೆ ಪ್ರಯೋಗ ನಡೆಸಿ, ವೇಗಸ್ ನರವು ಒಂದು ರಾಸಾಯನಿಕ ವಸ್ತುವಿನ ಮೂಲಕ ಹೃದಯದ ಮೇಲೆ ಕೆಲಸ ಮಾಡುವುದನ್ನು ತೋರಿಸಿದರು. ಇದಕ್ಕಾಗಿ ಅವರಿಗೆ 1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಏರುದಾರಿಯಲ್ಲಿ ಎತ್ತುಗಳನ್ನು ಚುರುಕುಗೊಳಿಸುವ ಬಾರುಕೋಲು, ಇಳಿಜಾರಿನಲ್ಲಿ ತಡೆಯುವ ಹಗ್ಗ ಇವೆರಡೂ ಗಾಡಿ ಹೊಡೆಯುವವನ ಕೈಯಲ್ಲಿ ಇರಬೇಕಾದಂತೆ, ಈ ಎರಡು ನರ ವಿಭಾಗಗಳೂ ಹೃದಯಕ್ಕೆ ಅವಶ್ಯಕ. ಹಗ್ಗ ತುಂಡಾಗಿ ಬಾರುಕೋಲು ಮಾತ್ರ ಉಳಿದರೆ ಗಾಡಿಗೆ ಅಪಾಯ ತಪ್ಪಿದ್ದಲ್ಲ.

4. ರಕ್ತದೊತ್ತಡದ ಪರಾವರ್ತಿತ ಕ್ರಿಯೆ

ಕಾಲಿಗೆ ಮುಳ್ಳು ಚುಚ್ಚಿದಾಗ ಆಲೋಚಿಸುವ ಮೊದಲೇ ಕಾಲು ಹಿಂದಕ್ಕೆ ಸರಿಯುತ್ತದೆ. ಇದು ಎಲ್ಲರಿಗೂ ತಿಳಿದಿರುವ ಪರಾವರ್ತಿತ ಕ್ರಿಯೆ. ರಕ್ತದೊತ್ತಡದ ವಿಷಯದಲ್ಲಿಯೂ ಇಂತಹ ಒಂದು ಕ್ರಿಯೆಯು ದೇಹದಲ್ಲಿ ಪ್ರತಿಕ್ಷಣ ನಡೆಯುತ್ತಿರುತ್ತದೆ. ಇದಕ್ಕೆ ವೈದ್ಯರು ಬ್ಯಾರೋರಿಫ್ಲೆಕ್ಸ್ ಎನ್ನುತ್ತಾರೆ. ಇದು ನಡೆಯುವ ಕ್ರಮ ಕೆಳಕಂಡಂತಿದೆ.

– ಕತ್ತಿನ ಎರಡೂ ಬದಿಗಳಲ್ಲಿರುವ ಕೆರೋಟಿಡ್ ಧಮನಿಗಳಲ್ಲಿ ಹಾಗೂ ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ.
– ರಕ್ತದೊತ್ತಡ ಏರಿದಾಗ ಧಮನಿಯ ಗೋಡೆ ಹಿಗ್ಗುತ್ತದೆ. ನರತುದಿಗಳು ಇದನ್ನು ಗ್ರಹಿಸಿ, ಮಿದುಳಿನ ಕೆಳಭಾಗವಾದ ಮೆಡುಲ್ಲಾಕ್ಕೆ ಸಂದೇಶ ಕಳುಹಿಸುತ್ತವೆ.
– ಮೆಡುಲ್ಲಾವು ವೇಗಸ್ ನರವನ್ನು ಚುರುಕುಗೊಳಿಸಿ, ಅನುವೇದನಾ ನರಗಳನ್ನು ತಗ್ಗಿಸುತ್ತದೆ. ಬಡಿತ ನಿಧಾನವಾಗಿ ಒತ್ತಡವು ಇಳಿಯುತ್ತದೆ.
– ಒತ್ತಡ ಇಳಿದಾಗ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ. ಮಲಗಿದ್ದವರು ಎದ್ದು ನಿಂತಾಗ ತಲೆ ಸುತ್ತಿ ಬೀಳದಂತೆ ಕಾಪಾಡುವುದು ಇದೇ ಕ್ರಿಯೆ.

ಈ ಕ್ರಿಯೆಯು ಚುರುಕಾಗಿದ್ದರೆ ಹೃದಯದ ಬಡಿತವು ಸಂದರ್ಭಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಸ್ವಲ್ಪ ಬದಲಾಗುತ್ತಿರುತ್ತದೆ. ಆರೋಗ್ಯವಂತರ ಹೃದಯವು ಗಡಿಯಾರದಂತೆ ಒಂದೇ ಅಂತರದಲ್ಲಿ ಬಡಿಯುವುದಿಲ್ಲ. ಉಸಿರೆಳೆದಾಗ ತುಸು ವೇಗವಾಗಿಯೂ, ಉಸಿರು ಬಿಟ್ಟಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಈ ಏರಿಳಿತವು ತೀರಾ ಕಡಿಮೆಯಾಗುವುದು ನರಗಳ ನಿಯಂತ್ರಣ ಕುಗ್ಗಿರುವುದರ ಲಕ್ಷಣವಾಗಿದೆ.

5. ಹೃದಯಾಘಾತದ ಸಮಯದಲ್ಲಿ ನರಗಳ ವರ್ತನೆ

ಹೃದಯಾಘಾತದ ಆರಂಭದ ಗಂಟೆಗಳಲ್ಲಿ ನರಗಳು ಎರಡು ಬಗೆಯಲ್ಲಿ ವರ್ತಿಸುವುದು ಕಂಡುಬರುತ್ತದೆ.

ಹೃದಯದ ಮುಂಭಾಗದಲ್ಲಿ ಆಘಾತವಾದಾಗ ಅನುವೇದನಾ ನರಗಳು ಕೆರಳಿ, ಬಡಿತ ಮತ್ತು ರಕ್ತದೊತ್ತಡ ಏರುವುದು ಹೆಚ್ಚು. ಹೃದಯದ ಕೆಳಭಾಗದಲ್ಲಿ ಆಘಾತವಾದಾಗ ವೇಗಸ್ ನರವು ಕೆರಳಿ ಬಡಿತ ನಿಧಾನವಾಗುವುದು, ರಕ್ತದೊತ್ತಡ ಕುಸಿಯುವುದು, ಬೆವರುವುದು, ಹೊಟ್ಟೆ ತೊಳಸುವುದು ಮತ್ತು ವಾಂತಿಯಾಗುವುದು ಹೆಚ್ಚು. ಈ ಎರಡನೆಯ ಪ್ರತಿಕ್ರಿಯೆಗೆ, ಅದನ್ನು ಗುರುತಿಸಿದ ವಿಜ್ಞಾನಿಗಳ ಹೆಸರಿನಿಂದ, ಬೆಜೋಲ್ಡ್–ಯಾರಿಷ್ ಪರಾವರ್ತಿತ ಕ್ರಿಯೆ ಎಂದು ಕರೆಯುತ್ತಾರೆ.

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಮೇಲ್ಹೊಟ್ಟೆಯ ಸಂಕಟ, ವಾಂತಿ ಹಾಗೂ ಬೆವರು ಕಾಣಿಸಿಕೊಂಡಾಗ ಅದನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿಸುವುದು, ಜೀರಿಗೆ ಕಷಾಯ ಕೊಡುವುದು, ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ನುಂಗಿಸಿ ಮಲಗಿಸುವುದು ರೂಢಿಯಲ್ಲಿದೆ. ಇದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಹೊಟ್ಟೆಯ ತೊಂದರೆಯಂತೆ ಕಾಣುವ ಈ ಲಕ್ಷಣಗಳು ಹೃದಯದಿಂದ ಹೊರಟ ನರಸಂದೇಶದ ಪರಿಣಾಮವಾಗಿರಬಹುದು. ನಲವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಲ್ಲಿ ಇಂತಹ ಲಕ್ಷಣ ಕಂಡುಬಂದಲ್ಲಿ ಮೊದಲು ಇಸಿಜಿ ಮಾಡಿಸಿ, ನಂತರವೇ ಗ್ಯಾಸ್ಟ್ರಿಕ್ ಎಂಬ ತೀರ್ಮಾನಕ್ಕೆ ಬರತಕ್ಕದ್ದು.

ಸಕ್ಕರೆ ಕಾಯಿಲೆಯು ಹಲವು ವರ್ಷಗಳಿಂದ ಹತೋಟಿಯಲ್ಲಿಲ್ಲದವರಲ್ಲಿ ಸ್ವಾಯತ್ತ ನರಗಳೂ ಹಾನಿಗೊಳಗಾಗಿರುತ್ತವೆ. ಇಂತಹವರಿಗೆ ಹೃದಯಾಘಾತವಾದಾಗ ಎದೆನೋವೇ ಬಾರದಿರಬಹುದು. ಕಾರಣವಿಲ್ಲದ ಏದುಸಿರು, ವಿಪರೀತ ಸುಸ್ತು ಅಥವಾ ಬೆವರು ಮಾತ್ರ ಕಾಣಿಸಿಕೊಳ್ಳಬಹುದು. ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಇವರನ್ನು ಆಸ್ಪತ್ರೆಗೆ ಕರೆದೊಯ್ಯದೆ ಇರಬಾರದು.

6. ಆಘಾತದ ನಂತರ ಅಪಾಯ ಉಳಿಯುವುದೇಕೆ?

ಹೃದಯದ ಸ್ನಾಯುವಿನೊಳಗೆ ನರತುದಿಗಳೂ ಇರುತ್ತವೆ. ಸ್ನಾಯು ಸತ್ತಾಗ ಅಲ್ಲಿನ ನರತುದಿಗಳೂ ನಾಶವಾಗುತ್ತವೆ. ಉಳಿದ ಭಾಗದ ಆಕಾರ ಮತ್ತು ಸೆಳೆತ ಬದಲಾಗಿರುವುದರಿಂದ ಮಿದುಳಿಗೆ ಹೋಗುವ ಸಂದೇಶಗಳೂ ಬದಲಾಗುತ್ತವೆ. ಇದರ ಫಲವಾಗಿ ಅನೇಕ ರೋಗಿಗಳಲ್ಲಿ ವೇಗಸ್ ನರದ ಪ್ರಭಾವ ಕಡಿಮೆಯಾಗಿ, ಅನುವೇದನಾ ನರಗಳ ಪ್ರಭಾವ ಹೆಚ್ಚಾಗುತ್ತದೆ. ಅನುವೇದನಾ ನರಗಳ ಅತಿಯಾದ ಪ್ರಭಾವವು ಗಾಯದ ಕಲೆಯ ಅಂಚಿನಲ್ಲಿ ಲಯ ತಪ್ಪುವ ಸಂಭವವನ್ನು ಹೆಚ್ಚಿಸುತ್ತದೆ. ವೇಗಸ್ ನರವು ಇದನ್ನು ತಡೆಯುವ ರಕ್ಷಣೆಯಂತಿದೆ. ಈ ರಕ್ಷಣೆ ಕುಗ್ಗಿದಾಗ ಸಣ್ಣ ಪ್ರಚೋದನೆಯೂ ದೊಡ್ಡ ಅಪಾಯಕ್ಕೆ ಕಾರಣವಾಗಬಹುದು.

ಹೃದಯಾಘಾತದ ನಂತರ ಹೃದಯ ದುರ್ಬಲಗೊಂಡಿದ್ದ 14,609 ರೋಗಿಗಳ ಕುರಿತು 2005ರಲ್ಲಿ ಪ್ರಕಟವಾದ ವ್ಯಾಲಿಯಂಟ್ ಅಧ್ಯಯನದ ವರದಿಯ ಪ್ರಕಾರ, ಹಠಾತ್ ಸಾವು ಅಥವಾ ಹೃದಯ ಸ್ತಂಭನದ ಪ್ರಮಾಣವು ಮೊದಲ 30 ದಿನಗಳಲ್ಲಿ ಶೇಕಡ 1.4 ಇತ್ತು. ಎರಡು ವರ್ಷಗಳ ನಂತರ ಇದು ತಿಂಗಳಿಗೆ ಶೇಕಡ 0.14ಕ್ಕೆ ಇಳಿಯಿತು. ಅಂದರೆ ಮೊದಲ ತಿಂಗಳ ಅಪಾಯವು ನಂತರದ ಅಪಾಯದ ಸುಮಾರು ಹತ್ತು ಪಟ್ಟು. ಮೊದಲ ತಿಂಗಳ ಎಚ್ಚರಿಕೆಗೆ ಒತ್ತು ನೀಡುವುದು ಈ ಕಾರಣದಿಂದಲೇ.

7. ನರಗಳ ಕಾರ್ಯವನ್ನು ಅಳೆಯುವ ವಿಧಾನಗಳು

ಅ) ಬ್ಯಾರೋರಿಫ್ಲೆಕ್ಸ್ ಸಂವೇದನೆ: ಈ ವಿಧಾನವನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರೂಪಿಸಿ 1969ರಲ್ಲಿ ಪ್ರಕಟಿಸಲಾಯಿತು. ನಂತರದ ವರ್ಷಗಳಲ್ಲಿ ರೂಢಿಗೆ ಬಂದಂತೆ, ಫಿನೈಲ್‌ಎಫ್ರಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ನೀಡಿ ರಕ್ತದೊತ್ತಡವನ್ನು ಸ್ವಲ್ಪ ಏರಿಸಿ, ಹೃದಯವು ಎಷ್ಟು ನಿಧಾನವಾಗುತ್ತದೆ ಎಂಬುದನ್ನು ಇಸಿಜಿಯಲ್ಲಿ ಅಳೆಯಲಾಗುತ್ತದೆ. ರಕ್ತದೊತ್ತಡದ ಒಂದು ಮಿಲಿಮೀಟರ್ ಏರಿಕೆಗೆ ಎರಡು ಬಡಿತಗಳ ನಡುವಿನ ಅಂತರವು ಎಷ್ಟು ಮಿಲಿಸೆಕೆಂಡ್ ಹೆಚ್ಚಾಯಿತು ಎಂಬುದೇ ಇದರ ಅಳತೆ.

ಉದಾಹರಣೆ: ಒಬ್ಬ ವ್ಯಕ್ತಿಯ ಬಡಿತ ನಿಮಿಷಕ್ಕೆ 75 ಇದ್ದಲ್ಲಿ ಎರಡು ಬಡಿತಗಳ ಅಂತರ 800 ಮಿಲಿಸೆಕೆಂಡ್ ಆಗುತ್ತದೆ. ಒತ್ತಡವು 10 ಮಿಲಿಮೀಟರ್ ಏರಿದಾಗ ಸಂವೇದನೆ 10 ಇರುವವರಲ್ಲಿ ಅಂತರವು 900ಕ್ಕೆ ಹೆಚ್ಚಿ ಬಡಿತವು ಸುಮಾರು 67ಕ್ಕೆ ಇಳಿಯುತ್ತದೆ. ಸಂವೇದನೆ 3 ಮಾತ್ರ ಇರುವವರಲ್ಲಿ ಅಂತರವು 830 ಆಗಿ ಬಡಿತವು ಸುಮಾರು 72ರಲ್ಲೇ ನಿಲ್ಲುತ್ತದೆ. ಒತ್ತಡ ಅಷ್ಟೇ ಏರಿದ್ದರೂ ಎರಡನೆಯ ವ್ಯಕ್ತಿಯ ತಡೆಯುವ ಶಕ್ತಿ ಕಡಿಮೆ ಎಂದು ಇದರಿಂದ ತಿಳಿಯುತ್ತದೆ.

ಆ) ಹೃದಯ ಬಡಿತದ ಏರಿಳಿತ: ರೋಗಿಗೆ ಹೋಲ್ಟರ್ ಎಂಬ ಚಿಕ್ಕ ಯಂತ್ರವನ್ನು ಕಟ್ಟಿ 24 ಗಂಟೆಗಳ ಇಸಿಜಿಯನ್ನು ದಾಖಲಿಸಲಾಗುತ್ತದೆ. ಬಡಿತಗಳ ಅಂತರವು ದಿನವಿಡೀ ಎಷ್ಟು ಬದಲಾಯಿತು ಎಂಬುದನ್ನು ಲೆಕ್ಕ ಹಾಕಿ ಮಿಲಿಸೆಕೆಂಡುಗಳಲ್ಲಿ ತಿಳಿಸಲಾಗುತ್ತದೆ.

ಇ) ಬಡಿತದ ಪ್ರಕ್ಷುಬ್ಧತೆ: ನಡುವೆ ಒಂದು ಅಕಾಲಿಕ ಬಡಿತ ಬಂದಾಗ, ಆರೋಗ್ಯವಂತ ಹೃದಯವು ಮೊದಲು ಸ್ವಲ್ಪ ವೇಗವಾಗಿ, ನಂತರ ನಿಧಾನವಾಗಿ ಸಹಜ ಸ್ಥಿತಿಗೆ ಮರಳುತ್ತದೆ. ಈ ಪ್ರತಿಕ್ರಿಯೆ ಇಲ್ಲದಿರುವುದು ಅಪಾಯದ ಸೂಚನೆ ಎಂದು ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು 1999ರಲ್ಲಿ ತೋರಿಸಿದರು.

ಈ) ವ್ಯಾಯಾಮದ ನಂತರದ ಇಳಿಕೆ: ಟ್ರೆಡ್‌ಮಿಲ್ ಪರೀಕ್ಷೆ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಬಡಿತವು ಎಷ್ಟು ಇಳಿಯುತ್ತದೆ ಎಂಬ ಅಳತೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ 2,428 ಜನರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, 12 ಅಥವಾ ಅದಕ್ಕಿಂತ ಕಡಿಮೆ ಇಳಿಕೆಯನ್ನು ಅಸಹಜವೆಂದು ಪರಿಗಣಿಸಲಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸ್ವಾಯತ್ತ ನರಗಳ ಪರೀಕ್ಷೆಗೆ ಪ್ರತ್ಯೇಕ ಪ್ರಯೋಗಾಲಯವಿದೆ. ಆದರೆ ಹೃದಯಾಘಾತವಾದ ಪ್ರತಿಯೊಬ್ಬರಿಗೂ ಈ ವಿಶೇಷ ಪರೀಕ್ಷೆಗಳನ್ನು ಮಾಡುವ ಪದ್ಧತಿ ಇಲ್ಲ. ಯಾರಿಗೆ ಅವಶ್ಯಕ ಎಂಬುದನ್ನು ಹೃದ್ರೋಗ ತಜ್ಞರು ನಿರ್ಧರಿಸುತ್ತಾರೆ.

8. ಪ್ರಮುಖ ಅಧ್ಯಯನಗಳು

1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೃದಯಾಘಾತದಿಂದ ಬದುಕುಳಿದ 808 ರೋಗಿಗಳನ್ನು ಗಮನಿಸಲಾಯಿತು. ಬಡಿತದ ಏರಿಳಿತವು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯವು, 100ಕ್ಕಿಂತ ಹೆಚ್ಚು ಇದ್ದವರಿಗೆ ಹೋಲಿಸಿದಾಗ 5.3 ಪಟ್ಟು ಇತ್ತು.

1998ರಲ್ಲಿ ಇಟಲಿಯ ಸಂಶೋಧಕರ ನೇತೃತ್ವದ ಅಟ್ರಾಮಿ ಅಧ್ಯಯನವು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇತ್ತೀಚೆಗೆ ಹೃದಯಾಘಾತವಾಗಿದ್ದ 1,284 ರೋಗಿಗಳನ್ನು ಇದರಲ್ಲಿ ಸರಾಸರಿ 21 ತಿಂಗಳು ಗಮನಿಸಲಾಯಿತು. ಬ್ಯಾರೋರಿಫ್ಲೆಕ್ಸ್ ಸಂವೇದನೆ 3ಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯ ಸಂಬಂಧಿ ಸಾವಿನ ಅಪಾಯ 2.8 ಪಟ್ಟು, ಬಡಿತದ ಏರಿಳಿತ 70ಕ್ಕಿಂತ ಕಡಿಮೆ ಇದ್ದವರಲ್ಲಿ 3.2 ಪಟ್ಟು ಹೆಚ್ಚಾಗಿತ್ತು. ಎರಡೂ ಕಡಿಮೆ ಇದ್ದವರಲ್ಲಿ ಎರಡು ವರ್ಷಗಳ ಸಾವಿನ ಪ್ರಮಾಣ ಶೇಕಡ 17. ಎರಡೂ ಉತ್ತಮವಾಗಿದ್ದವರಲ್ಲಿ ಶೇಕಡ 2.

ಈ ಅಂಕಿಗಳನ್ನು ಓದುವಾಗ ಎರಡು ಬದಿಯನ್ನೂ ನೋಡತಕ್ಕದ್ದು. ಅತಿ ಹೆಚ್ಚು ಅಪಾಯವಿದ್ದ ಗುಂಪಿನಲ್ಲಿಯೂ ನೂರಕ್ಕೆ 83 ಜನರು ಎರಡು ವರ್ಷಗಳ ನಂತರವೂ ಬದುಕಿದ್ದರು. ಪರೀಕ್ಷೆಯ ಫಲಿತಾಂಶವು ಎಚ್ಚರಿಕೆಯೇ ಹೊರತು ಮರಣ ಶಾಸನವಲ್ಲ. ಇಂತಹ ಫಲಿತಾಂಶ ಬಂದ ರೋಗಿಗೆ ಧೈರ್ಯ ಹೇಳುವುದು ಮತ್ತು ಔಷಧಗಳನ್ನು ತಪ್ಪದೆ ಕೊಡುವುದು ಕುಟುಂಬದವರ ಕರ್ತವ್ಯವಾಗಿದೆ.

9. ಚಿಕಿತ್ಸೆ ಮತ್ತು ಅದರ ಮಿತಿಗಳು

ಅ) ಬೀಟಾ ಬ್ಲಾಕರ್ ಔಷಧಗಳು: ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಮಾತ್ರೆಗಳು ಅನುವೇದನಾ ನರಗಳ ಪ್ರಭಾವವನ್ನು ತಗ್ಗಿಸುತ್ತವೆ. 1982ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 3,837 ರೋಗಿಗಳ ಪೈಕಿ ಪ್ರೊಪ್ರನೊಲಾಲ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇಕಡ 7.2, ಪಡೆಯದವರಲ್ಲಿ ಶೇಕಡ 9.8 ಇತ್ತು. ಸ್ಟೆಂಟ್ ಮೊದಲಾದ ಹೊಸ ಚಿಕಿತ್ಸೆಗಳು ಬಂದ ನಂತರ, ಹೃದಯದ ಶಕ್ತಿ ಸಂಪೂರ್ಣ ಉಳಿದಿರುವವರಿಗೂ ಈ ಔಷಧ ಬೇಕೇ ಎಂಬ ಪ್ರಶ್ನೆ ಎದ್ದಿದೆ. 2024ರಲ್ಲಿ ಪ್ರಕಟವಾದ, ಸ್ವೀಡನ್ ಮುಂತಾದ ದೇಶಗಳ 5,020 ರೋಗಿಗಳ ಅಧ್ಯಯನದಲ್ಲಿ ಇಂತಹವರಿಗೆ ವಿಶೇಷ ಲಾಭ ಕಂಡುಬರಲಿಲ್ಲ. ಆದರೆ ಹೃದಯ ದುರ್ಬಲವಾಗಿರುವವರಿಗೆ ಇದು ಇಂದಿಗೂ ಮುಖ್ಯ ಔಷಧ. ಆದ್ದರಿಂದ ಮುಂದುವರಿಸುವ ಅಥವಾ ನಿಲ್ಲಿಸುವ ತೀರ್ಮಾನವು ವೈದ್ಯರದ್ದೇ ಆಗಿರತಕ್ಕದ್ದು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದಲ್ಲಿ ಅದುವರೆಗೆ ತಡೆಹಿಡಿದಿದ್ದ ನರಗಳ ಪ್ರಭಾವ ಒಮ್ಮೆಗೇ ಮರುಕಳಿಸಿ, ಎದೆನೋವು ಮತ್ತು ಮತ್ತೊಂದು ಆಘಾತಕ್ಕೆ ಕಾರಣವಾಗಬಹುದು.

ಆ) ಕ್ರಮಬದ್ಧ ವ್ಯಾಯಾಮ: ಹೃದಯಾಘಾತವಾಗಿದ್ದ 95 ರೋಗಿಗಳ ಕುರಿತು ಇಟಲಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವಾರಗಳ ವ್ಯಾಯಾಮ ತರಬೇತಿಯಿಂದ ಬ್ಯಾರೋರಿಫ್ಲೆಕ್ಸ್ ಸಂವೇದನೆ ಹೆಚ್ಚಾದವರು ಹತ್ತು ವರ್ಷಗಳ ಅವಧಿಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದಿದ್ದು ಕಂಡುಬಂದಿತು. ಕುಗ್ಗಿದ ನರಶಕ್ತಿಯು ಮರಳಿ ಬರಬಲ್ಲದು ಎಂಬುದು ಇದರಿಂದ ತಿಳಿಯುವ ಅಂಶ.

ಇ) ನಿಧಾನ ಉಸಿರಾಟ ಮತ್ತು ಯೋಗ: ನಿಮಿಷಕ್ಕೆ ಆರು ಬಾರಿ ಉಸಿರಾಡುವ ಲಯದಲ್ಲಿ ಮಂತ್ರ ಅಥವಾ ಜಪಮಾಲೆಯ ಪ್ರಾರ್ಥನೆ ಹೇಳಿದಾಗ ಆರೋಗ್ಯವಂತರಲ್ಲಿ ಬ್ಯಾರೋರಿಫ್ಲೆಕ್ಸ್ ಸಂವೇದನೆ ಹೆಚ್ಚುವುದನ್ನು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಲಾಗಿದೆ. ಭಾರತದ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳ ಕುರಿತು 2020ರಲ್ಲಿ ಪ್ರಕಟವಾದ ಯೋಗ ಪುನಶ್ಚೇತನ ಅಧ್ಯಯನದಲ್ಲಿ, ರೋಗಿಗಳು ದೈನಂದಿನ ಚಟುವಟಿಕೆಗಳಿಗೆ ಮರಳಲು ಯೋಗವು ನೆರವಾಯಿತು. ಆದರೆ ಸಾವು ಮತ್ತು ಮರು ಆಘಾತದ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಕಂಡುಬರಲಿಲ್ಲ. ಯೋಗವನ್ನು ಔಷಧದ ಜೊತೆಗೆ ಮಾಡಬಹುದೇ ವಿನಾ ಔಷಧದ ಬದಲಿಗೆ ಅಲ್ಲ.

ಈ) ಐಸಿಡಿ ಯಂತ್ರ: ಎದೆಯ ಚರ್ಮದ ಕೆಳಗೆ ಅಳವಡಿಸುವ ಈ ಯಂತ್ರವು ಲಯ ತಪ್ಪಿದಾಗ ವಿದ್ಯುತ್ ಆಘಾತ ನೀಡಿ ಸರಿಪಡಿಸುತ್ತದೆ. ಹೃದಯದ ಹೊರದೂಡುವ ಶಕ್ತಿ ಶೇಕಡ 30 ಅಥವಾ ಕಡಿಮೆ ಇದ್ದು, ಆಘಾತವಾಗಿ ಒಂದು ತಿಂಗಳು ಕಳೆದವರಲ್ಲಿ ಇದು ಜೀವ ಉಳಿಸುವುದೆಂದು 2002ರ ಅಧ್ಯಯನ ತೋರಿಸಿತು. ಆದರೆ ಆಘಾತದ 6ರಿಂದ 40 ದಿನಗಳೊಳಗೆ, ಹೃದಯ ದುರ್ಬಲವಾಗಿದ್ದು ನರಗಳ ನಿಯಂತ್ರಣವೂ ಕುಗ್ಗಿದ್ದವರಿಗೆ ಇದನ್ನು ಅಳವಡಿಸಿದಾಗ ಒಟ್ಟು ಸಾವುಗಳು ಕಡಿಮೆಯಾಗಲಿಲ್ಲ ಎಂದು 2004ರ ಅಧ್ಯಯನ ತಿಳಿಸಿತು. ನರಗಳ ಪರೀಕ್ಷೆಯಿಂದ ಅಪಾಯವನ್ನು ಗುರುತಿಸಬಹುದು. ಆದರೆ ಆ ಪರೀಕ್ಷೆಯೊಂದನ್ನೇ ಆಧರಿಸಿ ಯಂತ್ರ ಅಳವಡಿಸುವುದಿಲ್ಲ.

10. ಹಲಗೂರು ಹೋಬಳಿಯ ನಿವಾಸಿಗಳಿಗೆ ಲಭ್ಯವಿರುವ ಸೌಲಭ್ಯಗಳು

ಭಾರತದ 89 ಆಸ್ಪತ್ರೆಗಳ 20,468 ರೋಗಿಗಳ ಮಾಹಿತಿಯನ್ನೊಳಗೊಂಡು 2008ರಲ್ಲಿ ಪ್ರಕಟವಾದ ಕ್ರಿಯೇಟ್ ವರದಿಯ ಪ್ರಕಾರ, ಹೃದಯಾಘಾತದ ರೋಗಿಗಳು ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷಗಳು, ಅಂದರೆ ಆರು ಗಂಟೆಗಳು. ಹೆಪ್ಪು ಕರಗಿಸುವ ಔಷಧವು ಮೊದಲ ಗಂಟೆಗಳಲ್ಲಿಯೇ ಹೆಚ್ಚು ಪರಿಣಾಮಕಾರಿ. ಈ ವಿಳಂಬವನ್ನು ತಗ್ಗಿಸಲು ಕೆಳಕಂಡ ವ್ಯವಸ್ಥೆಗಳಿವೆ.

– ಆರೋಗ್ಯ ಕವಚ 108: 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಉಚಿತ ಆಂಬುಲೆನ್ಸ್ ಸೇವೆ. ದಿನದ 24 ಗಂಟೆಯೂ 108ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಗ್ರಾಮದ ಹೆಸರಿನ ಜೊತೆಗೆ ಹತ್ತಿರದ ಮುಖ್ಯರಸ್ತೆ, ಶಾಲೆ ಅಥವಾ ದೇವಸ್ಥಾನದ ಗುರುತನ್ನು ಹೇಳುವುದು. ತೋಟದ ಮನೆಗಳಲ್ಲಿ ವಾಸಿಸುವವರು ಒಬ್ಬರನ್ನು ಮುಖ್ಯರಸ್ತೆಗೆ ಕಳುಹಿಸಿ ನಿಲ್ಲಿಸುವುದು.
– ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ: 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2024ರಲ್ಲಿ ಆರಂಭಿಸಿದ ಯೋಜನೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸಿ ತಿಳಿಸುತ್ತಾರೆ. ಅಗತ್ಯವಿದ್ದಲ್ಲಿ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.
– ಹಲಗೂರು ಹೋಬಳಿಯು ಮಳವಳ್ಳಿ ತಾಲ್ಲೂಕು ಆಸ್ಪತ್ರೆಯ ವ್ಯಾಪ್ತಿಯಲ್ಲಿದೆ. ಹೆಚ್ಚಿನ ಚಿಕಿತ್ಸೆಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಮೈಸೂರು ಮತ್ತು ಬೆಂಗಳೂರಿನಲ್ಲಿರುವ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಆಸ್ಪತ್ರೆಗಳಿವೆ. ದೂರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗುವ ಉದ್ದೇಶದಿಂದ ಹತ್ತಿರದ ಆಸ್ಪತ್ರೆಯನ್ನು ದಾಟಿ ಹೋಗಬಾರದು. ಮೊದಲ ಇಸಿಜಿ ಮತ್ತು ಮೊದಲ ಔಷಧ ಹತ್ತಿರದಲ್ಲಿಯೇ ದೊರೆಯುವುದು ಜೀವಕ್ಕೆ ಹಿತ.
– ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ: 2018ರಲ್ಲಿ ಆರಂಭವಾದ ಈ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ಒಂದೇ ಚೀಲದಲ್ಲಿ ಸಿದ್ಧವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

11. ಮನೆಗೆ ಮರಳಿದ ನಂತರ ಪಾಲಿಸಬೇಕಾದ ಕ್ರಮಗಳು

1) ಬೆಳಿಗ್ಗೆ ಎದ್ದ ಕೂಡಲೇ ನಿಲ್ಲಬಾರದು. ಹಾಸಿಗೆಯ ಅಂಚಿನಲ್ಲಿ ಎರಡು ಮೂರು ನಿಮಿಷ ಕುಳಿತು ನಂತರ ಏಳುವುದು. ಮುಂಜಾನೆಯ ಗಂಟೆಗಳಲ್ಲಿ ಅನುವೇದನಾ ನರಗಳು ಚುರುಕಾಗುವುದರಿಂದ ಹೃದಯಾಘಾತಗಳು ಈ ವೇಳೆಯಲ್ಲಿ ಹೆಚ್ಚು ಎಂಬುದು 1985ರಿಂದಲೂ ತಿಳಿದಿರುವ ಸಂಗತಿ.
2) ಮಲವಿಸರ್ಜನೆಯ ವೇಳೆ ಮುಕ್ಕುವುದನ್ನು ತಪ್ಪಿಸುವುದು. ಉಸಿರು ಬಿಗಿಹಿಡಿದು ಮುಕ್ಕಿದಾಗ ರಕ್ತದೊತ್ತಡವು ಒಮ್ಮೆ ಇಳಿದು ಮತ್ತೊಮ್ಮೆ ಏರಿ, ನರಗಳ ಮೇಲೆ ಭಾರ ಬೀಳುತ್ತದೆ. ಸೊಪ್ಪು, ತರಕಾರಿ ಸೇವಿಸಿ ಮಲಬದ್ಧತೆ ಇಲ್ಲದಂತೆ ನೋಡಿಕೊಳ್ಳುವುದು. ಶೌಚಾಲಯದ ಚಿಲಕ ಹಾಕದಿರುವುದು.
3) ತಣ್ಣೀರನ್ನು ಒಮ್ಮೆಲೇ ತಲೆಗೆ ಸುರಿದುಕೊಳ್ಳಬಾರದು. ಉಗುರುಬೆಚ್ಚಗಿನ ನೀರಿನ ಸ್ನಾನ ಸೂಕ್ತ. ಶಿಂಷಾ ಅಥವಾ ಕಾವೇರಿ ನದಿಯಲ್ಲಿ ಮುಳುಗಿ ಸ್ನಾನ ಮಾಡುವುದನ್ನು ವೈದ್ಯರು ಅನುಮತಿಸುವವರೆಗೆ ಕೈಬಿಡುವುದು.
4) ಬೀಡಿ, ಸಿಗರೇಟು ಮತ್ತು ಹೊಗೆಸೊಪ್ಪನ್ನು ಪೂರ್ಣವಾಗಿ ತ್ಯಜಿಸುವುದು. ನಿಕೋಟಿನ್ ಅನುವೇದನಾ ನರಗಳನ್ನು ಕೆರಳಿಸುತ್ತದೆ.
5) ಕತ್ತಿನ ಬದಿಗಳನ್ನು ಬಲವಾಗಿ ಒತ್ತಿಸುವುದು, ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ಲಟಿಕೆ ತೆಗೆಸುವುದು ಕೂಡದು. ಕೆರೋಟಿಡ್ ಧಮನಿಯ ನರತುದಿಗಳು ಅಲ್ಲಿಯೇ ಇವೆ.
6) ನಡಿಗೆಯನ್ನು ಮನೆಯಂಗಳದಲ್ಲಿ ಆರಂಭಿಸಿ, ವೈದ್ಯರ ಸಲಹೆಯಂತೆ ದಿನದಿಂದ ದಿನಕ್ಕೆ ಹೆಚ್ಚಿಸುವುದು. ನಡೆಯುತ್ತಾ ಮಾತನಾಡಲು ಸಾಧ್ಯವಾಗುವಷ್ಟು ವೇಗ ಸಾಕು.
7) ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ತರಿಸಿಕೊಳ್ಳುವುದು. ಒಂದು ದಿನವೂ ತಪ್ಪಿಸಬಾರದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಗ ಆರಾಮವಾಗಿದೆ. ಮಾತ್ರೆ ನಿಲ್ಲಿಸಬಹುದೇ?
ಉತ್ತರ: ಇಲ್ಲ. ಆರಾಮವಾಗಿರುವುದಕ್ಕೆ ಮಾತ್ರೆಯೂ ಒಂದು ಕಾರಣ. ವೈದ್ಯರನ್ನು ಕಾಣದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಪ್ರಶ್ನೆ: ಹಬ್ಬ ಮತ್ತು ಹರಕೆಯ ದಿನಗಳಲ್ಲಿ ಉಪವಾಸವಿರಬಹುದೇ?
ಉತ್ತರ: ಮೊದಲ ತಿಂಗಳುಗಳಲ್ಲಿ ನೀರನ್ನೂ ಬಿಟ್ಟು ಉಪವಾಸ ಮಾಡುವುದು ಸೂಕ್ತವಲ್ಲ. ದೇಹದಲ್ಲಿ ನೀರಿನ ಅಂಶ ಕಡಿಮೆಯಾದಾಗ ರಕ್ತದೊತ್ತಡ ಕುಸಿಯಬಹುದು. ಯಾವುದೇ ಸಂದರ್ಭದಲ್ಲಿ ಮಾತ್ರೆ ತಪ್ಪಿಸಬಾರದು.

ಪ್ರಶ್ನೆ: ಕಬ್ಬು ಕಡಿಯುವ ಕೆಲಸಕ್ಕೆ ಯಾವಾಗ ಹೋಗಬಹುದು?
ಉತ್ತರ: ಎಲ್ಲರಿಗೂ ಒಂದೇ ಅವಧಿ ಇಲ್ಲ. ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ತಿಳಿಸುತ್ತಾರೆ. ಭಾರವಾದ ಕೆಲಸಕ್ಕೆ ಮುನ್ನ ಹಗುರ ಕೆಲಸಗಳಿಂದ ಆರಂಭಿಸುವುದು.

ಪ್ರಶ್ನೆ: ಎದ್ದಾಗ ತಲೆ ಸುತ್ತುತ್ತದೆ. ಇದು ಮಾತ್ರೆಯ ದೋಷವೇ?
ಉತ್ತರ: ಇರಬಹುದು. ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು ಅಥವಾ ಒತ್ತಡದ ಪರಾವರ್ತಿತ ಕ್ರಿಯೆ ಕುಗ್ಗಿರಬಹುದು. ಕುಳಿತಾಗ ಮತ್ತು ನಿಂತಾಗ ಎರಡೂ ಬಾರಿ ರಕ್ತದೊತ್ತಡ ಅಳೆಯುವಂತೆ ಆರೋಗ್ಯ ಕೇಂದ್ರದಲ್ಲಿ ಕೋರುವುದು. ಪ್ರಜ್ಞೆ ತಪ್ಪಿ ಬಿದ್ದಲ್ಲಿ ಕೂಡಲೇ ಆಸ್ಪತ್ರೆಗೆ ಕರೆತರುವುದು.

ಪ್ರಶ್ನೆ: ರೋಗಿಯು ಇದ್ದಕ್ಕಿದ್ದಂತೆ ಕುಸಿದು ಉಸಿರಾಟ ನಿಂತರೆ ಏನು ಮಾಡಬೇಕು?
ಉತ್ತರ: ಒಬ್ಬರು 108ಕ್ಕೆ ಕರೆ ಮಾಡುವುದು. ಮತ್ತೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯದ ಮೂಳೆಯ ಮೇಲೆ ಎರಡೂ ಅಂಗೈಗಳಿಂದ ಸುಮಾರು ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರುವುದು. ನೆರವು ಬರುವವರೆಗೆ ನಿಲ್ಲಿಸಬಾರದು. ಬಾಯಿಗೆ ನೀರು ಹಾಕಬಾರದು.

13. ಸೂಚನೆ

ಹೃದಯಾಘಾತವಾದವರ ಕುಟುಂಬದಲ್ಲಿ ಕನಿಷ್ಠ ಇಬ್ಬರಾದರೂ ಮೇಲ್ಕಂಡ ಎದೆ ಒತ್ತುವ ಕ್ರಮವನ್ನು ಹತ್ತಿರದ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಕಲಿತಿರುವುದು ಅಪೇಕ್ಷಣೀಯ. ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ಈ ಮಾಹಿತಿಯನ್ನು ಓದಲು ಬಾರದವರಿಗೆ ಓದಿ ಹೇಳುವಂತೆ ಕೋರಲಾಗಿದೆ. ಈ ಪುಟದಲ್ಲಿನ ವಿವರಗಳು ಸಾರ್ವಜನಿಕ ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗುವುದಿಲ್ಲ. ಎದೆನೋವು, ಏದುಸಿರು, ಕಾರಣವಿಲ್ಲದ ಬೆವರು ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ತಡ ಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.